ಬೊಜ್ಜು, ಗಂಡು-ಹೆಣ್ಣು ಮತ್ತು ಲಿವರ್‌ನ ಕೊಬ್ಬಿನಾಮ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಅಂತ ಬಂದರೆ ಸಾಕು, ಕೊಬ್ಬು ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ. ಅದು ಯಾವ ಬಗೆಯ ಕೊಬ್ಬು, ಎಲ್ಲಿಂದ ಬಂತು, ಲಿವರ್ ಅದನ್ನು ಏನು ಮಾಡುತ್ತಿದೆ ಅಂತ ಕೇಳುವವರು ಕಡಿಮೆ. ಆ ಲಿವರ್ ಗಂಡಸಿನದೋ ಹೆಂಗಸಿನದೋ ಅನ್ನುವುದರ ಮೇಲೆ ಈ ಮೂರಕ್ಕೂ ಉತ್ತರ ಬದಲಾಗುತ್ತದೆ. ಇದು ಜನರಿಗೆ ಗೊತ್ತಾಗಬೇಕು ಅಂತಲೇ ಇಷ್ಟು ಬರೆದಿದ್ದೇನೆ.

ಕೊಬ್ಬು ಬೇರೆ, ಕೊಬ್ಬಿನಾಮ್ಲ ಬೇರೆನಾ?

ಒಂದು ಇನ್ನೊಂದರ ಭಾಗ. ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲ್ ಕಣಕ್ಕೆ ಅಂಟಿಕೊಂಡರೆ ಟ್ರೈಗ್ಲಿಸರೈಡ್ ಆಗುತ್ತದೆ. ನಾವು ಸಾಮಾನ್ಯವಾಗಿ ಕೊಬ್ಬು ಅನ್ನುವುದು ಇದನ್ನೇ. ಲಿವರ್ ಕೋಶದೊಳಗೆ ಸಣ್ಣ ಸಣ್ಣ ಹನಿಗಳಾಗಿ ಕೂರುವುದೂ ಇದೇ. ಲಿವರ್‌ನ ನೂರರಲ್ಲಿ ಐದಕ್ಕಿಂತ ಹೆಚ್ಚು ಕೋಶಗಳಲ್ಲಿ ಇಂಥ ಹನಿಗಳು ಕಂಡರೆ ವೈದ್ಯರು ಅದನ್ನು ಫ್ಯಾಟಿ ಲಿವರ್ ಅನ್ನುತ್ತಾರೆ.

ಕೊಬ್ಬಿನಾಮ್ಲಗಳಲ್ಲಿ ಹಲವು ಬಗೆ. 16 ಕಾರ್ಬನ್‌ಗಳ ಪಾಲ್ಮಿಟಿಕ್ ಮತ್ತು 18 ಕಾರ್ಬನ್‌ಗಳ ಸ್ಟಿಯರಿಕ್, ಇವೆರಡೂ ಸ್ಯಾಚುರೇಟೆಡ್, ಅಂದರೆ ಕಾರ್ಬನ್‌ಗಳ ನಡುವೆ ಡಬಲ್ ಬಾಂಡ್ (ಜೋಡಿ ಬಂಧ) ಇಲ್ಲದವು. ಅದು ಇರುವವು ಅನ್‌ಸ್ಯಾಚುರೇಟೆಡ್. ಓಲಿಯಿಕ್‌ನಲ್ಲಿ ಒಂದು ಡಬಲ್ ಬಾಂಡ್ ಇರುತ್ತದೆ. ಲಿನೋಲಿಯಿಕ್, ಅರಾಕಿಡಾನಿಕ್, ಇಪಿಎ, ಡಿಎಚ್‌ಎಗಳಲ್ಲಿ ಒಂದಕ್ಕಿಂತ ಹೆಚ್ಚು. ಈ ನಾಲ್ಕರಲ್ಲಿ ಮೊದಲೆರಡು ಒಮೆಗಾ-6 ಗುಂಪಿನವು, ಕೊನೆಯೆರಡು ಒಮೆಗಾ-3 ಗುಂಪಿನವು. ಮುಂದೆ ಇವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ.

ನಾನು ಜಿಡ್ಡು ತಿನ್ನುವುದೇ ಕಡಿಮೆ. ಆದರೂ ಲಿವರ್‌ಗೆ ಕೊಬ್ಬು ಎಲ್ಲಿಂದ ಬಂತು?

ಈ ಪ್ರಶ್ನೆಗೆ ಒಳ್ಳೆಯ ಲೆಕ್ಕವೇ ಇದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫ್ಯಾಟಿ ಲಿವರ್ ಇದ್ದವರಿಗೆ ಗುರುತು ಹಚ್ಚಿದ ಕಾರ್ಬನ್ ಮತ್ತು ಹೈಡ್ರೋಜನ್ ಇರುವ ಪದಾರ್ಥಗಳನ್ನು ಕೊಟ್ಟು, ಆಮೇಲೆ ಅವರ ಲಿವರ್‌ನ ಚೂರು ತೆಗೆದು ನೋಡಿದರು. ಲಿವರ್‌ನ ಟ್ರೈಗ್ಲಿಸರೈಡ್‌ನಲ್ಲಿ ಸುಮಾರು ಶೇ 59ರಷ್ಟು ರಕ್ತದಲ್ಲಿ ತೇಲಿ ಬಂದ ಕೊಬ್ಬಿನಾಮ್ಲದಿಂದ ಆಗಿತ್ತು. ಅದರ ಬಹುಪಾಲು ಮೈಯ ಕೊಬ್ಬಿನ ಪದರದಿಂದ ಕರಗಿ ಬಂದದ್ದು. ಶೇ 26ರಷ್ಟನ್ನು ಲಿವರ್ ತಾನೇ ಹೊಸದಾಗಿ ತಯಾರಿಸಿತ್ತು. ಊಟದ ಜಿಡ್ಡಿನಿಂದ ನೇರವಾಗಿ ಬಂದದ್ದು ಬರೀ ಶೇ 15.

ಲಿವರ್ ಹೊಸದಾಗಿ ಕೊಬ್ಬು ಮಾಡುವುದು ಮುಖ್ಯವಾಗಿ ಸಕ್ಕರೆ, ಪಿಷ್ಟಗಳಿಂದ. ಮೊದಲು ತಯಾರಾಗುವುದು ಪಾಲ್ಮಿಟಿಕ್ ಆಮ್ಲ. ಆರೋಗ್ಯವಂತರಲ್ಲಿ ಈ ದಾರಿಯ ಪಾಲು ತೀರಾ ಸಣ್ಣದು. ಬೊಜ್ಜಿನಿಂದ ಇನ್ಸುಲಿನ್ ಸದಾ ಏರಿಯೇ ಇದ್ದರೆ ಇದು ಹಲವು ಪಟ್ಟು ಹೆಚ್ಚುತ್ತದೆ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹೊಸ ಕೊಬ್ಬು ತಯಾರಾಗುವಾಗ ನಡುವೆ ಹುಟ್ಟುವ ಮ್ಯಾಲೊನೈಲ್-ಕೋಎ ಅನ್ನುವ ವಸ್ತು, ಕೊಬ್ಬಿನಾಮ್ಲ ಮೈಟೊಕಾಂಡ್ರಿಯಾದೊಳಗೆ (ಕೋಶದಲ್ಲಿ ಕೊಬ್ಬನ್ನು ಉರಿಸುವ ಭಾಗ) ಹೋಗುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ತಯಾರಿಕೆ ಜೋರಾದಾಗ ಕೊಬ್ಬು ಉರಿಯುವುದು ನಿಧಾನವಾಗುತ್ತದೆ. ಅಂದರೆ ಒಂದೇ ಸಲ ಎರಡು ಕಡೆಯಿಂದ ಪೆಟ್ಟು.

ಹೊಟ್ಟೆಯ ಬೊಜ್ಜೇ ಯಾಕೆ ಅಷ್ಟು ಕೆಟ್ಟದ್ದು ಅನ್ನುತ್ತಾರೆ?

ಕರುಳಿನ ಸುತ್ತ ಇರುವ ಕೊಬ್ಬಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ನೇರ ಲಿವರ್‌ಗೇ ಬಂದು ಸೇರುತ್ತದೆ. ತೊಡೆ, ಸೊಂಟದ ಚರ್ಮದಡಿಯ ಕೊಬ್ಬಿಗೆ ಆ ನೇರ ದಾರಿ ಇಲ್ಲ. ಆದರೆ ಇದನ್ನು ಸ್ವಲ್ಪ ಉತ್ಪ್ರೇಕ್ಷೆ ಮಾಡಿಯೇ ಹೇಳುತ್ತಾರೆ ಅಂತ ನನ್ನ ಅಭಿಪ್ರಾಯ. ಅಳೆದು ನೋಡಿದಾಗ, ಲಿವರ್‌ಗೆ ಬರುವ ಕೊಬ್ಬಿನಾಮ್ಲದಲ್ಲಿ ಹೊಟ್ಟೆಯೊಳಗಿನ ಕೊಬ್ಬಿನ ಪಾಲು ತೆಳ್ಳಗಿನವರಲ್ಲಿ ಶೇ 5–10, ಬೊಜ್ಜಿದ್ದವರಲ್ಲಿ ಶೇ 20–25 ಅಷ್ಟೇ. ಉಳಿದದ್ದೆಲ್ಲ ಹೆಚ್ಚಾಗಿ ಚರ್ಮದಡಿಯ ಕೊಬ್ಬಿನಿಂದಲೇ, ಅದರಲ್ಲೂ ಮೈಯ ಮೇಲ್ಭಾಗದಿಂದ ಬರುತ್ತದೆ. ಚರ್ಮದಡಿಯ ಉಗ್ರಾಣಗಳು ತುಂಬಿ ತುಳುಕುತ್ತಿವೆ, ಕೊಬ್ಬನ್ನು ಹಿಡಿದಿಡಲು ಆಗುತ್ತಿಲ್ಲ ಅನ್ನುವುದಕ್ಕೆ ಹೊಟ್ಟೆ ಬೊಜ್ಜು ಒಂದು ಸೂಚನೆ ಕೂಡ ಹೌದು.

ಬೊಜ್ಜು ಬಂದಾಗ ಲಿವರ್‌ನಲ್ಲಿ ಯಾವ ಕೊಬ್ಬಿನಾಮ್ಲ ಹೆಚ್ಚುತ್ತದೆ, ಯಾವುದು ಕಡಿಮೆಯಾಗುತ್ತದೆ?

ವಿಷಯದ ತಿರುಳು ಇರುವುದು ಇಲ್ಲೇ. ಬೊಜ್ಜಿನ ಜೊತೆ ಲಿವರ್‌ನ ಕೊಬ್ಬಿನ ಪ್ರಮಾಣ ಏರುತ್ತದೆ, ಅದರ ಬೆರಕೆಯೂ ಬದಲಾಗುತ್ತದೆ.

ಹೊಸದಾಗಿ ತಯಾರಾದ ಪಾಲ್ಮಿಟಿಕ್ ಜಾಸ್ತಿಯಾಗುತ್ತದೆ. ಎಸ್‌ಸಿಡಿ1 ಎಂಬ ಕಿಣ್ವ ಅದರಲ್ಲಿ ಒಂದಿಷ್ಟಕ್ಕೆ ಡಬಲ್ ಬಾಂಡ್ ಹಾಕಿ ಪಾಲ್ಮಿಟೋಲಿಯಿಕ್ ಮಾಡುತ್ತದೆ. ಇನ್ನೊಂದಿಷ್ಟು ಉದ್ದವಾಗಿ ಸ್ಟಿಯರಿಕ್ ಆಗಿ, ಆಮೇಲೆ ಓಲಿಯಿಕ್ ಆಗುತ್ತದೆ. ಹಾಗಾಗಿ ಸ್ಯಾಚುರೇಟೆಡ್ ಮತ್ತು ಒಂದೇ ಡಬಲ್ ಬಾಂಡ್‌ನವು, ಎರಡೂ ಏರುತ್ತವೆ. ರಕ್ತದಲ್ಲಿ ಪಾಲ್ಮಿಟೋಲಿಯಿಕ್ ಹೆಚ್ಚಿದ್ದರೆ, ಲಿವರ್ ಸಕ್ಕರೆಯಿಂದ ಕೊಬ್ಬು ಮಾಡುತ್ತಿದೆ ಅನ್ನುವುದಕ್ಕೆ ಅದೊಂದು ಕುರುಹು ಅಂತ ಸಂಶೋಧಕರು ಬಳಸುತ್ತಾರೆ.

ಕಡಿಮೆಯಾಗುವುದು ಉದ್ದ ಸರಪಳಿಯ ಬಹು ಅನ್‌ಸ್ಯಾಚುರೇಟೆಡ್ ಆಮ್ಲಗಳು, ಅದರಲ್ಲೂ ಇಪಿಎ, ಡಿಎಚ್‌ಎಯಂಥ ಒಮೆಗಾ-3. ಬೊಜ್ಜಿನಿಂದ ಫ್ಯಾಟಿ ಲಿವರ್ ಆದವರ ಲಿವರ್ ಚೂರು ಪರೀಕ್ಷಿಸಿದಾಗ ಒಮೆಗಾ-3 ಇಳಿದು, ಅದಕ್ಕೆ ಹೋಲಿಸಿದರೆ ಒಮೆಗಾ-6ರ ಪಾಲು ಏರಿರುವುದು ಕಂಡಿದೆ. ಗಿಡಮೂಲದ ಸಣ್ಣ ಒಮೆಗಾ-3 ಅನ್ನು ಇಪಿಎ, ಡಿಎಚ್‌ಎ ಆಗಿ ಬದಲಿಸುವ ದಾರಿಯಲ್ಲಿ ಡಬಲ್ ಬಾಂಡ್ ಹಾಕುವ ಡಿಸ್ಯಾಚುರೇಸ್ ಕಿಣ್ವಗಳು ಅಂಥ ಲಿವರ್‌ನಲ್ಲಿ ಮಂಕಾಗಿರುತ್ತವೆ.

ಇದರಿಂದ ಏನು ತೊಂದರೆ ಅಂದರೆ, ಡಿಎಚ್‌ಎಯಂಥ ಆಮ್ಲಗಳು ಬರೀ ಸರಕಲ್ಲ. ಕೊಬ್ಬು ತಯಾರಿಸುವ ಜೀನುಗಳನ್ನು ನಡೆಸುವ ಎಸ್‌ಆರ್‌ಇಬಿಪಿ-1ಸಿ ಎಂಬ ಪ್ರೋಟೀನನ್ನು ಅವು ಹತ್ತಿಕ್ಕುತ್ತವೆ. ಕೊಬ್ಬು ಉರಿಸುವ ಜೀನುಗಳನ್ನು ಎಬ್ಬಿಸುತ್ತವೆ. ಅವು ಕಡಿಮೆಯಾದರೆ ಕೊಬ್ಬು ತಯಾರಿಕೆಗೆ ಲಂಗುಲಗಾಮು ಇರುವುದಿಲ್ಲ. ಕೊಬ್ಬು ಹೆಚ್ಚಾದಷ್ಟೂ ಅದನ್ನು ತಡೆಯುವ ಆಮ್ಲಗಳು ಇನ್ನೂ ಇಳಿಯುತ್ತವೆ. ಒಮ್ಮೆ ಈ ಸುಳಿಗೆ ಸಿಕ್ಕ ಲಿವರ್ ತಾನಾಗಿ ಹೊರಬರುವುದು ಕಷ್ಟ.

ಹಾಗಾದರೆ ಲಿವರ್‌ನಲ್ಲಿ ಕೂತ ಕೊಬ್ಬಿನ ಹನಿಯೇ ವಿಷನಾ?

ಅಲ್ಲ. ಹನಿಯಾಗಿ ಕೂತ ಟ್ರೈಗ್ಲಿಸರೈಡ್ ಒಂದು ಮಟ್ಟಿಗೆ ರಕ್ಷಣೆಯೇ. ಇಲಿಗಳಲ್ಲಿ ಟ್ರೈಗ್ಲಿಸರೈಡ್ ಕಟ್ಟುವ ಕಿಣ್ವವನ್ನು ತಡೆದಾಗ ಲಿವರ್‌ನ ಕೊಬ್ಬೇನೋ ಕಡಿಮೆಯಾಯಿತು, ಆದರೆ ಗಾಯ ಇನ್ನೂ ಹೆಚ್ಚಾಯಿತು. ಹನಿಯೊಳಗೆ ಸೇರದೆ ಬಿಡಿಯಾಗಿ ಉಳಿದ ಕೊಬ್ಬಿನಾಮ್ಲವೇ ಕೋಶಕ್ಕೆ ನಿಜವಾದ ಕಂಟಕ. ಲ್ಯಾಬ್‌ನಲ್ಲಿ ಬೆಳೆಸಿದ ಕೋಶಗಳ ಮೇಲೆ ಪಾಲ್ಮಿಟಿಕ್ ಒಂದನ್ನೇ ಸುರಿದರೆ ಅವು ಸಾಯುತ್ತವೆ. ಜೊತೆಗೆ ಓಲಿಯಿಕ್ ಕೊಟ್ಟರೆ ಪಾಲ್ಮಿಟಿಕ್ ಹನಿಯೊಳಗೆ ಸೇರಿಕೊಳ್ಳುತ್ತದೆ, ಕೋಶ ಬದುಕುತ್ತದೆ.

ಹಾಗಂತ ಕೊಬ್ಬಿನ ಹನಿಯನ್ನು ಸುಮ್ನೆ ಬಿಟ್ಟುಬಿಡಿ ಅಂತ ಅರ್ಥವಲ್ಲ. ಹನಿ ತುಂಬುತ್ತಲೇ ಇದೆ ಅಂದರೆ ಒಳಹರಿವು ಹೊರಹರಿವಿಗಿಂತ ಜಾಸ್ತಿ ಇದೆ ಅಂತಲೇ.

ಹೆಂಗಸರ ಮೈಯಲ್ಲಿ ಕೊಬ್ಬು ಜಾಸ್ತಿ ಇರುತ್ತೆ ಅಲ್ವಾ? ಮತ್ತೆ ಫ್ಯಾಟಿ ಲಿವರ್ ಗಂಡಸರಿಗೆ ಯಾಕೆ ಹೆಚ್ಚು?

ಒಂದೇ ಬಿಎಂಐ ಇರುವ ಗಂಡು-ಹೆಣ್ಣನ್ನು ನಿಲ್ಲಿಸಿ ನೋಡಿದರೆ ಹೆಣ್ಣಿನ ಮೈಯಲ್ಲೇ ಕೊಬ್ಬಿನ ಪಾಲು ಜಾಸ್ತಿ. ಆದರೂ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಫ್ಯಾಟಿ ಲಿವರ್ ಗಂಡಸರಲ್ಲೇ ಹೆಚ್ಚು. ಕಾರಣ ಒಂದೆರಡಲ್ಲ.

ಮೊದಲನೆಯದು, ಕೊಬ್ಬು ಕೂರುವ ಜಾಗ. ಹೆಂಗಸರ ಕೊಬ್ಬು ಸೊಂಟ, ತೊಡೆ, ಪೃಷ್ಠಗಳ ಚರ್ಮದಡಿ ಸೇರುತ್ತದೆ. ಆ ಕೊಬ್ಬು ಬೇಗ ಕದಲುವುದಿಲ್ಲ, ಹೆಚ್ಚುವರಿ ಕೊಬ್ಬಿನಾಮ್ಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಡಸರಲ್ಲಿ ಅದು ಹೊಟ್ಟೆಯೊಳಕ್ಕೆ ಬೇಗ ನುಗ್ಗುತ್ತದೆ.

ಎರಡನೆಯದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಆದರೆ ಇದನ್ನು ಯಾರೂ ಹೇಳುವುದಿಲ್ಲ. ಲಿವರ್‌ನೊಳಕ್ಕೆ ಬಂದ ಕೊಬ್ಬಿನಾಮ್ಲದ ಮುಂದಿನ ದಾರಿಯೇ ಗಂಡು-ಹೆಣ್ಣಿನಲ್ಲಿ ಬೇರೆ. ಆರೋಗ್ಯವಂತ ಗಂಡಸರು, ಹೆಂಗಸರು ಇಬ್ಬರಿಗೂ ಊಟ ಕೊಟ್ಟು ಗಮನಿಸಿದಾಗ, ಗಂಡಸರ ಲಿವರ್ ಊಟದ ನಂತರ ಹೊಸ ಕೊಬ್ಬು ತಯಾರಿಸುವುದರ ಕಡೆಗೆ ಹೆಚ್ಚು ವಾಲಿತು. ಹೆಂಗಸರ ಲಿವರ್ ಕೊಬ್ಬಿನಾಮ್ಲವನ್ನು ಉರಿಸಿ ಕೀಟೋನ್ (ಮೈಗೆ ಇಂಧನವಾಗುವ ವಸ್ತು) ಮಾಡುವ ಕಡೆಗೆ ವಾಲಿತು. ಇಬ್ಬರ ಲಿವರ್‌ನಲ್ಲೂ ಆಗ ಇದ್ದ ಕೊಬ್ಬು ಹೆಚ್ಚುಕಡಿಮೆ ಒಂದೇ. ಅಂದರೆ ಕೊಬ್ಬು ಕೂರುವ ಮೊದಲೇ ದಾರಿ ಬೇರೆಯಾಗಿರುತ್ತದೆ.

ಹೊರಗೆ ಕಳಿಸುವ ರೀತಿಯಲ್ಲೂ ವ್ಯತ್ಯಾಸವಿದೆ. ಲಿವರ್ ತನ್ನ ಟ್ರೈಗ್ಲಿಸರೈಡನ್ನು ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಹೆಂಗಸರ ಲಿವರ್ ಒಂದೊಂದು ಕಣಕ್ಕೂ ಹೆಚ್ಚು ಕೊಬ್ಬು ತುಂಬಿ ಕಳಿಸುತ್ತದೆ, ಸ್ನಾಯುಗಳು ಮತ್ತು ಚರ್ಮದಡಿಯ ಕೊಬ್ಬು ಅದನ್ನು ಬೇಗ ಹೀರಿಕೊಳ್ಳುತ್ತವೆ. ಅದಕ್ಕೇ ರಕ್ತದ ಟ್ರೈಗ್ಲಿಸರೈಡ್ ಅವರಲ್ಲಿ ಏರುವುದಿಲ್ಲ.

ಕೊಬ್ಬಿನಾಮ್ಲದ ಬೆರಕೆಯೂ ಗಂಡು-ಹೆಣ್ಣಿನಲ್ಲಿ ಬೇರೆ ಇರುತ್ತದಾ?

ಇರುತ್ತದೆ. ಇಲಿಗಳಲ್ಲಿ ಇದು ದಶಕಗಳಿಂದ ಗೊತ್ತಿರುವ ವಿಷಯ. ಲಿವರ್ ಕೋಶದ ಪೊರೆಯಲ್ಲಿ ಹೆಣ್ಣಿಲಿಗೆ ಸ್ಟಿಯರಿಕ್, ಅರಾಕಿಡಾನಿಕ್, ಡಿಎಚ್‌ಎ ಹೆಚ್ಚು. ಗಂಡಿಲಿಗೆ ಪಾಲ್ಮಿಟಿಕ್, ಓಲಿಯಿಕ್, ಲಿನೋಲಿಯಿಕ್ ಹೆಚ್ಚು. ಎರಡಕ್ಕೂ ಹಾಕುವ ಆಹಾರ ಒಂದೇ.

ಮನುಷ್ಯರಲ್ಲಿ ಸ್ಪಷ್ಟವಾಗಿ ಕಾಣುವುದು ಡಿಎಚ್‌ಎಯಲ್ಲಿ. ಗಿಡಮೂಲದ ಒಮೆಗಾ-3 ಆದ ಆಲ್ಫಾ-ಲಿನೋಲೆನಿಕ್ ಆಮ್ಲಕ್ಕೆ ಗುರುತು ಹಚ್ಚಿ ಕೊಟ್ಟಾಗ, ತರುಣಿಯರಲ್ಲಿ ಅದರ ಒಂದಂಶ ಡಿಎಚ್‌ಎ ಆಗಿ ರಕ್ತದಲ್ಲಿ ಕಂಡಿತು. ತರುಣರಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆ. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಇದಕ್ಕೆ ಕಾರಣ ಅನ್ನಲು ಒಂದು ಗಟ್ಟಿ ಸಾಕ್ಷಿ ಲಿಂಗ ಬದಲಾವಣೆಗಾಗಿ ಹಾರ್ಮೋನು ತೆಗೆದುಕೊಂಡವರಿಂದ ಸಿಕ್ಕಿದೆ. ಗಂಡಾಗಿ ಹುಟ್ಟಿ ಈಸ್ಟ್ರೋಜನ್ ಮಾತ್ರೆ ತೆಗೆದುಕೊಂಡವರಲ್ಲಿ ಡಿಎಚ್‌ಎ ಏರಿತು. ಹೆಣ್ಣಾಗಿ ಹುಟ್ಟಿ ಗಂಡಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ತೆಗೆದುಕೊಂಡವರಲ್ಲಿ ಇಳಿಯಿತು.

ಗರ್ಭದಲ್ಲಿರುವ ಮಗುವಿನ ಮಿದುಳಿಗೆ ಡಿಎಚ್‌ಎ ಬೇಕು. ಹೆಣ್ಣಿನ ಲಿವರ್‌ಗೆ ಈ ಸಾಮರ್ಥ್ಯ ಇರುವುದು ಅದಕ್ಕೇ ಇರಬೇಕು ಅಂತ ಹಲವರು ಊಹಿಸುತ್ತಾರೆ. ನನಗೂ ಅದು ಒಪ್ಪುವಂಥ ಮಾತು.

ಕೋಲೀನ್‌ಗೂ ಇದಕ್ಕೂ ಏನು ಸಂಬಂಧ?

ವಿಎಲ್‌ಡಿಎಲ್ ಕಣದ ಹೊರಪದರ ಕಟ್ಟಲು ಫಾಸ್ಫಟಿಡೈಲ್‌ಕೋಲೀನ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದಿಲ್ಲದಿದ್ದರೆ ಕೊಬ್ಬು ಲಿವರ್‌ನಿಂದ ಹೊರಡುವುದೇ ಇಲ್ಲ. ಇದು ಊಟದಲ್ಲಿ ಬರುವ ಕೋಲೀನ್ ಎಂಬ ಪೋಷಕಾಂಶದಿಂದಲೂ ಆಗುತ್ತದೆ. ಪಿಇಎಂಟಿ ಎಂಬ ಕಿಣ್ವದ ಮೂಲಕ ಲಿವರ್ ತಾನೇ ಮಾಡಿಕೊಳ್ಳುವುದೂ ಉಂಟು. ಆ ಕಿಣ್ವದ ಜೀನನ್ನು ಈಸ್ಟ್ರೋಜನ್ ಚುರುಕುಗೊಳಿಸುತ್ತದೆ.

2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೋಲೀನ್ ತೀರಾ ಕಡಿಮೆ ಇರುವ ಊಟವನ್ನು ಕೆಲವು ವಾರ ಕೊಟ್ಟರು. ಗಂಡಸರಲ್ಲಿ ಶೇ 77 ಮಂದಿಗೆ, ಮುಟ್ಟು ನಿಂತ ಹೆಂಗಸರಲ್ಲಿ ಶೇ 80 ಮಂದಿಗೆ ಲಿವರ್‌ನಲ್ಲಿ ಕೊಬ್ಬು ಅಥವಾ ಲಿವರ್, ಸ್ನಾಯುಗಳಿಗೆ ಹಾನಿ ಕಾಣಿಸಿತು. ಮುಟ್ಟು ಇನ್ನೂ ಬರುತ್ತಿದ್ದ ಹೆಂಗಸರಲ್ಲಿ ಅದು ಶೇ 44 ಮಾತ್ರ. ಮೂರು ಗುಂಪಿನ ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮುಟ್ಟು ನಿಂತ ಹೆಂಗಸರು ಗಂಡಸರ ಸಾಲಿಗೇ ಬಂದು ನಿಂತಿದ್ದಾರೆ.

ಮುಟ್ಟು ನಿಂತ ಮೇಲೆ ಲಿವರ್‌ಗೆ ಏನಾಗುತ್ತದೆ?

ಈಸ್ಟ್ರೋಜನ್ ಇಳಿಯುತ್ತದೆ. ತೊಡೆಯ ಕಡೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಯ ಕಡೆ ತಿರುಗುತ್ತದೆ. ಲಿವರ್‌ನಲ್ಲಿ ಕೊಬ್ಬು ತಯಾರಿಕೆಯ ಮೇಲಿದ್ದ ಹಿಡಿತ ಸಡಿಲಾಗುತ್ತದೆ. ತೂಕದ ಯಂತ್ರದಲ್ಲಿ ದೊಡ್ಡ ಬದಲಾವಣೆ ಕಾಣದೆಯೂ ಇದೆಲ್ಲ ನಡೆಯಬಹುದು. ಆ ವಯಸ್ಸಿನಲ್ಲಿ ಗಂಡು-ಹೆಣ್ಣಿನ ಅಂತರ ಕಿರಿದಾಗುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಫ್ಯಾಟಿ ಲಿವರ್ ಬರುವ ಸಾಧ್ಯತೆ ಹೆಂಗಸರಿಗೆ ಕಡಿಮೆ. ಆದರೆ ಒಮ್ಮೆ ಬಂದರೆ ಲಿವರ್‌ನಲ್ಲಿ ಕಲೆಗಟ್ಟುವ ಫೈಬ್ರೋಸಿಸ್ ಮುಂದುವರಿದ ಹಂತಕ್ಕೆ ಹೋಗುವ ಅಪಾಯ ಅವರಿಗೇ ಹೆಚ್ಚು, ಅದರಲ್ಲೂ 50 ದಾಟಿದ ಮೇಲೆ. ‘ಹೆಂಗಸರಿಗೆ ಅಷ್ಟೇನೂ ಆಗಲ್ಲ’ ಅಂತ ಸಮಾಧಾನ ಹೇಳಿ ಕಳಿಸುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚಿಕ್ಕ ವಯಸ್ಸಿನ ರಕ್ಷಣೆಯನ್ನು ಜೀವನಪೂರ್ತಿ ಇರುವಂಥದ್ದು ಅಂತ ಅಂದುಕೊಳ್ಳಬಾರದು.

ಈಸ್ಟ್ರೋಜನ್ನೇ ಕಾರಣ ಅಂತ ಖಚಿತವಾಗಿ ಹೇಗೆ ಗೊತ್ತು?

ಬೇರೆ ಬೇರೆ ಕಡೆಯ ಸಾಕ್ಷಿಗಳು ಒಂದೇ ದಿಕ್ಕಿಗೆ ಬೆರಳು ಮಾಡುತ್ತವೆ. ಹೆಣ್ಣು ಇಲಿಯ ಅಂಡಾಶಯ ತೆಗೆದರೆ ಲಿವರ್‌ನಲ್ಲಿ ಕೊಬ್ಬು ಏರುತ್ತದೆ, ಈಸ್ಟ್ರೋಜನ್ ಕೊಟ್ಟರೆ ಇಳಿಯುತ್ತದೆ. ಅರೊಮಟೇಸ್ ಎಂಬ ಕಿಣ್ವ ಹುಟ್ಟಿನಿಂದಲೇ ಇಲ್ಲದ ಗಂಡಸರು ಅಪರೂಪಕ್ಕೆ ಇದ್ದಾರೆ. ಅವರ ಮೈ ಈಸ್ಟ್ರೋಜನ್ ತಯಾರಿಸುವುದಿಲ್ಲ. ಅವರಲ್ಲೂ ಫ್ಯಾಟಿ ಲಿವರ್ ಕಾಣುತ್ತದೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ಈಸ್ಟ್ರೋಜನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ಅದನ್ನು ತೆಗೆದುಕೊಳ್ಳುವವರಲ್ಲಿ ಫ್ಯಾಟಿ ಲಿವರ್ ಸಾಕಷ್ಟು ಸಲ ಕಾಣಿಸಿಕೊಳ್ಳುತ್ತದೆ. ಆದರೆ ಇದನ್ನು ಓದಿ ಆ ಮಾತ್ರೆಯನ್ನು ದಯವಿಟ್ಟು ಯಾರೂ ನಿಲ್ಲಿಸಬೇಡಿ. ಕ್ಯಾನ್ಸರ್ ಮರುಕಳಿಸದಂತೆ ತಡೆಯುವುದು ಅದರ ಕೆಲಸ. ಲಿವರ್ ಮೇಲೆ ಕಣ್ಣಿಡಲು ವೈದ್ಯರಿಗೆ ಹೇಳಿದರೆ ಸಾಕು.

ಟೆಸ್ಟೋಸ್ಟೆರಾನ್ ಒಳ್ಳೆಯದೋ ಕೆಟ್ಟದ್ದೋ?

ಯಾರ ಮೈಯಲ್ಲಿದೆ ಅನ್ನುವುದನ್ನು ನೋಡಿ ಹೇಳಬೇಕು. ಗಂಡಸರಲ್ಲಿ ಅದು ಕಡಿಮೆಯಿದ್ದರೆ ಫ್ಯಾಟಿ ಲಿವರ್ ಹೆಚ್ಚಾಗಿ ಕಾಣುತ್ತದೆ. ಹೆಂಗಸರಲ್ಲಿ ಅದು ಜಾಸ್ತಿಯಿದ್ದರೆ ಹೆಚ್ಚಾಗಿ ಕಾಣುತ್ತದೆ. ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನಿನ ಒಂದು ತೊಂದರೆ) ಇರುವ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಫ್ಯಾಟಿ ಲಿವರ್‌ಗೆ ಸಿಕ್ಕಿಬೀಳುವುದಕ್ಕೆ ಇದೂ ಒಂದು ಕಾರಣ, ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರುವುದು, ಇನ್ನೊಂದು. ಪಿಸಿಒಎಸ್ ಅಂದಾಗ ಮುಟ್ಟು ಮತ್ತು ಮಕ್ಕಳಾಗುವುದರ ಬಗ್ಗೆಯಷ್ಟೇ ಮಾತು ನಡೆಯುತ್ತದೆ. ಲಿವರ್ ವಿಷಯವನ್ನೂ ನೀವೇ ಎತ್ತಿ.

ತೆಳ್ಳಗಿದ್ದರೆ ಹೆದರಬೇಕಿಲ್ಲ ಅಲ್ವಾ?

ತೆಳ್ಳಗಿದ್ದವರಿಗೂ ಬರುತ್ತದೆ. ಚರ್ಮದಡಿ ಕೊಬ್ಬು ಶೇಖರಿಸುವ ಜಾಗವೇ ಕಡಿಮೆ ಇರುವವರಲ್ಲಿ ಸ್ವಲ್ಪ ತೂಕ ಏರಿದರೂ ಅದು ಲಿವರ್‌ಗೆ ಹೋಗುತ್ತದೆ. ವಂಶವಾಹಿಯ ಪಾಲೂ ಇದೆ. ಪಿಎನ್‌ಪಿಎಲ್‌ಎ3 ಎಂಬ ಜೀನಿನ ಒಂದು ರೂಪ ಇದ್ದವರಲ್ಲಿ ಹನಿಯ ಕೊಬ್ಬು ಸರಿಯಾಗಿ ಕರಗುವುದಿಲ್ಲ. ಇದು ಪತ್ತೆಯಾದದ್ದು 2008ರಲ್ಲಿ. ಇದರ ಪರಿಣಾಮ ಬೊಜ್ಜಿನ ಜೊತೆ ಸೇರಿದರೆ ಇನ್ನೂ ಜೋರು.

ಯಾವ ಕೊಬ್ಬು ತಿಂದರೆ ಲಿವರ್‌ಗೆ ಜಾಸ್ತಿ ಕೆಡುಕು?

2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತೂಕ ಹೆಚ್ಚಿದ್ದವರಿಗೆ ಮೂರು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿಯಾಗಿ ತಿನ್ನಿಸಿದರು. ಆ ಹೆಚ್ಚುವರಿ ಸ್ಯಾಚುರೇಟೆಡ್ ಕೊಬ್ಬಿನಿಂದ ಬಂದಾಗ ಲಿವರ್ ಕೊಬ್ಬು ಶೇ 55 ಏರಿತು. ಸಕ್ಕರೆಯಿಂದ ಬಂದಾಗ ಶೇ 33. ಅನ್‌ಸ್ಯಾಚುರೇಟೆಡ್ ಕೊಬ್ಬಿನಿಂದ ಬಂದಾಗ ಶೇ 15. ಕ್ಯಾಲೊರಿ ಒಂದೇ, ಲಿವರ್ ಕೊಟ್ಟ ಉತ್ತರ ಮೂರು ಥರ.

ಸಕ್ಕರೆಯಲ್ಲಿ ಫ್ರಕ್ಟೋಸ್ ಬಗ್ಗೆ ವಿಶೇಷ ಎಚ್ಚರ ಬೇಕು. ಗ್ಲೂಕೋಸ್‌ಗೆ ಲಿವರ್‌ನಲ್ಲಿರುವ ಒಂದು ಮುಖ್ಯ ತಡೆಯನ್ನು ಅದು ದಾಟಿಕೊಂಡು ಹೋಗಿ ಸಲೀಸಾಗಿ ಕೊಬ್ಬಾಗುತ್ತದೆ. ಸಿಹಿ ಪಾನೀಯ ಬಿಡುವುದು ಎಲ್ಲಕ್ಕಿಂತ ಸುಲಭದ ಮೊದಲ ಹೆಜ್ಜೆ. ಇಡೀ ಹಣ್ಣು ತಿನ್ನಲು ಇಷ್ಟೊಂದು ಹೆದರಬೇಕಿಲ್ಲ.

ಎಷ್ಟು ತೂಕ ಇಳಿಸಬೇಕು?

ಮೈತೂಕದ ಶೇ 5 ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. ಶೇ 7–10 ಇಳಿದರೆ ಉರಿಯೂತ ತಗ್ಗುತ್ತದೆ. ಶೇ 10 ಅಥವಾ ಹೆಚ್ಚು ಇಳಿಸಿದವರಲ್ಲಿ ಹಲವರ ಫೈಬ್ರೋಸಿಸ್ ಕೂಡ ಹಿಂದೆ ಸರಿದಿದೆ. 80 ಕೆಜಿ ಇರುವವರಿಗೆ ಶೇ 5 ಅಂದರೆ 4 ಕೆಜಿ. ಅಸಾಧ್ಯವಾದದ್ದೇನಲ್ಲ.

ಲಿವರ್ ಕೊಬ್ಬು ಮೈಯ ಉಳಿದ ಕೊಬ್ಬಿಗಿಂತ ಬೇಗ ಕರಗುತ್ತದೆ. ಊಟ ಮಿತಿ ಮಾಡಿದ ಕೆಲವೇ ದಿನಗಳಲ್ಲಿ ಇಳಿಕೆ ಶುರುವಾಗುತ್ತದೆ. ವ್ಯಾಯಾಮ ಮಾಡಿದರೆ ತೂಕ ಇಳಿಯದಿದ್ದರೂ ಲಿವರ್ ಕೊಬ್ಬು ಸ್ವಲ್ಪ ತಗ್ಗುತ್ತದೆ. ತೂಕದ ಮುಳ್ಳು ಅಲ್ಲಾಡುತ್ತಿಲ್ಲ ಅಂತ ನಡಿಗೆ ಬಿಟ್ಟವರಿಗೆ ಇದನ್ನು ಖಂಡಿತ ಹೇಳಬೇಕು.

ಒಮೆಗಾ-3 ಕ್ಯಾಪ್ಸೂಲ್ ತೆಗೆದುಕೊಂಡರೆ ಸರಿಹೋಗುತ್ತದಾ?

ಲಿವರ್ ಕೊಬ್ಬು ಸ್ವಲ್ಪ ಇಳಿಯಬಹುದು. ಫೈಬ್ರೋಸಿಸ್ ವಾಸಿಯಾಗುತ್ತದೆ ಅನ್ನಲು ಆಧಾರವಿಲ್ಲ. ತೂಕ ಇಳಿಸುವ ಬದಲು ಕ್ಯಾಪ್ಸೂಲ್ ನುಂಗುವುದು ಬೇಡ.

ಎಎಲ್‌ಟಿ ನಾರ್ಮಲ್ ಬಂದಿದೆ. ಇನ್ನು ಚಿಂತೆ ಇಲ್ಲ ತಾನೇ?

ಎಎಲ್‌ಟಿ ಅಂದರೆ ಲಿವರ್ ಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಒಂದು ಕಿಣ್ವ. ಅದು ನಾರ್ಮಲ್ ಇದ್ದೂ ಫ್ಯಾಟಿ ಲಿವರ್ ಇರಬಹುದು. ಇಲ್ಲೂ ಗಂಡು-ಹೆಣ್ಣಿನ ವ್ಯತ್ಯಾಸ ಬರುತ್ತದೆ. ಆರೋಗ್ಯವಂತರ ಮೇಲ್ಮಿತಿ ಗಂಡಸರಿಗೆ ಸುಮಾರು 29–33, ಹೆಂಗಸರಿಗೆ 19–25 ಯೂನಿಟ್ ಅಂತ ತಜ್ಞರ ಮಾರ್ಗಸೂಚಿ ಇದೆ. ಎಷ್ಟೋ ಲ್ಯಾಬ್ ರಿಪೋರ್ಟುಗಳಲ್ಲಿ ಇಬ್ಬರಿಗೂ ಒಂದೇ ಮಿತಿ, ಅದೂ 40ರ ಆಸುಪಾಸು ಅಚ್ಚಾಗಿರುತ್ತದೆ. 35 ಬಂದ ಹೆಂಗಸಿನ ರಿಪೋರ್ಟು ಹಾಗೆ ‘ನಾರ್ಮಲ್’ ಆಗಿಬಿಡುತ್ತದೆ.

ಅಲ್ಟ್ರಾಸೌಂಡ್ ಕೂಡ ಕೊಬ್ಬು ಶೇ 20–30 ಮುಟ್ಟುವವರೆಗೆ ಅದನ್ನು ತಪ್ಪಿಸಿಬಿಡಬಹುದು. ನಿಖರವಾದ ಅಳತೆ ಎಂಆರ್‌ಐನಲ್ಲಿ ಸಿಗುತ್ತದೆ. ಕಲೆಗಟ್ಟಿದೆಯಾ ಅಂತ ತಿಳಿಯಲು ಮೊದಲು ಎಫ್‌ಐಬಿ-4 ಲೆಕ್ಕ ಹಾಕುತ್ತಾರೆ. ಅದಕ್ಕೆ ವಯಸ್ಸು, ಎಎಸ್‌ಟಿ (ಎಎಲ್‌ಟಿಯಂಥದ್ದೇ ಇನ್ನೊಂದು ಕಿಣ್ವ), ಎಎಲ್‌ಟಿ, ಪ್ಲೇಟ್‌ಲೆಟ್ ಸಂಖ್ಯೆ ಇಷ್ಟೇ ಸಾಕು. 1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. 65 ದಾಟಿದವರಿಗೆ ಈ ಗಡಿ 2.0. ಅದಕ್ಕಿಂತ ಹೆಚ್ಚಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಲು ವೈದ್ಯರು ಹೇಳಬಹುದು.

2023ರಿಂದ ಕಾಯಿಲೆಯ ಹೆಸರು ಬದಲಾಗಿದೆಯಂತೆ?

ಹೌದು, ಎನ್‌ಎಎಫ್‌ಎಲ್‌ಡಿ (ಮದ್ಯದಿಂದಲ್ಲದ ಫ್ಯಾಟಿ ಲಿವರ್ ಕಾಯಿಲೆ) ಈಗ ಎಂಎಎಸ್‌ಎಲ್‌ಡಿ (ಚಯಾಪಚಯದ ತೊಂದರೆಯ ಜೊತೆಗಿನ ಫ್ಯಾಟಿ ಲಿವರ್ ಕಾಯಿಲೆ). ಲಿವರ್‌ನಲ್ಲಿ ಕೊಬ್ಬಿನ ಜೊತೆ ಬೊಜ್ಜು, ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್), ಇವುಗಳಲ್ಲಿ ಒಂದಾದರೂ ತೊಂದರೆ ಇರಬೇಕು. ಮದ್ಯದ ಮಿತಿಯೂ ಗಂಡು-ಹೆಣ್ಣಿಗೆ ಬೇರೆ. ದಿನಕ್ಕೆ ಗಂಡಸರಿಗೆ 30 ಗ್ರಾಂ, ಹೆಂಗಸರಿಗೆ 20 ಗ್ರಾಂ ಆಲ್ಕೋಹಾಲ್ ದಾಟಿದರೆ ಅದು ಬೇರೆ ವರ್ಗಕ್ಕೆ ಸೇರುತ್ತದೆ. ಇದು ಕಾಯಿಲೆಯನ್ನು ವಿಂಗಡಿಸಲು ಹಾಕಿದ ಗೆರೆ, ಅಷ್ಟು ಕುಡಿಯಬಹುದು ಅನ್ನುವ ಅನುಮತಿ ಅಲ್ಲ. ಈಗಾಗಲೇ ಲಿವರ್‌ನಲ್ಲಿ ಕೊಬ್ಬು ಇದ್ದರೆ, ಪೂರ್ತಿ ಬಿಡುವುದೇ ಸರಿ.